ಹೊರೆಯಿಲ್ಲದ ಹಗುರ

ನಮ್ಮ ಬೀದಿಯ ಹುಡುಗನೊಬ್ಬ ಹೋದ ವರ್ಷ ಹೊಸ ಹೆಲ್ಮೆಟ್ ತಂದು ನನಗೆ ತೋರಿಸಿದ. ಕಪ್ಪು ಮೈ, ಅದರ ತುಂಬ ಬೂದು ಬಣ್ಣದ ಸಣ್ಣ ಚೌಕಳಿ, ಮೇಲೆ ಗಾಜಿನಂಥ ಹೊಳಪು. ‘ಕಾರ್ಬನ್ ಫೈಬರ್ ಸಾರ್, ವಿಮಾನಕ್ಕೆ ಹಾಕ್ತಾರಲ್ಲ, ಅದೇ’ ಅಂದ. ಮಾಮೂಲಿ ಹೆಲ್ಮೆಟ್ಟಿಗಿಂತ 600 ರೂಪಾಯಿ ಹೆಚ್ಚು ಕೊಟ್ಟಿದ್ದ. ತಿರುಗಿಸಿ ನೋಡಿದೆ. ಕಿವಿಯ ಹತ್ತಿರದ ಅಂಚಿನಲ್ಲಿ ಚೌಕಳಿಯ ಪೊರೆ ಉಗುರಿಗೆ ಸಿಕ್ಕಿ ಎದ್ದು ಬಂತು. ಕೆಳಗಿದ್ದದ್ದು ಸಾದಾ ಪ್ಲಾಸ್ಟಿಕ್. ಒಳಗಿನ ಬಟ್ಟೆ ಸರಿಸಿದರೆ ಥರ್ಮೋಕೋಲ್ ಇರಬೇಕಾದ ಜಾಗದಲ್ಲಿ ತೆಳ್ಳನೆಯ ಸ್ಪಂಜು. ಹಿಂದೆ ಎಲ್ಲಿ ಹುಡುಕಿದರೂ ಐಎಸ್‌ಐ ಗುರುತಿಲ್ಲ. ಬಿದ್ದಾಗ ತಲೆ ಕಾಯುವುದು ಮುಖ್ಯವಾಗಿ ಒಳಗಿನ ಆ ಥರ್ಮೋಕೋಲ್. ತಾನು ಅಪ್ಪಚ್ಚಿಯಾಗಿ ಪೆಟ್ಟನ್ನು ನುಂಗಿಕೊಳ್ಳುವುದು ಅದರ ಕೆಲಸ. ಹುಡುಗ ದುಡ್ಡು ಕೊಟ್ಟದ್ದು ಮಾತ್ರ ಚೌಕಳಿಗೆ.

ಅವನು ದಡ್ಡನಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ನಾನು 26 ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಹೇಳಿಕೊಟ್ಟ ಪಾಠಗಳನ್ನೇ ಅವನೂ ಬೇರೊಂದು ಕಾಲೇಜಿನಲ್ಲಿ ಕಲಿತಿದ್ದಾನೆ. ಹಾಗಿದ್ದೂ ಎರಡು ಪದ ಕಿವಿಗೆ ಬಿದ್ದದ್ದೇ ತಡ, ಹೆಲ್ಮೆಟ್ಟಿನ ಒಳಗೆ ಇಣುಕಿ ನೋಡಬೇಕೆಂಬುದೇ ಅವನಿಗೆ ಮರೆತುಹೋಯಿತು. ಆವತ್ತು ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಹುಡುಗನ ಬುದ್ಧಿಗೆ ಮಂಕು ಕವಿಸಿದ ಆ ನಂಬಿಕೆಯ ಮೇಲಿನ ಸಿಟ್ಟು ಅದು.

ಆ ನಂಬಿಕೆಯನ್ನು ಮೊದಲು ಅದರ ಪರವಾಗಿಯೇ ಹೇಳಿಬಿಡುತ್ತೇನೆ. ಕಾರ್ಬನ್ ಫೈಬರ್ ಉಕ್ಕಿಗಿಂತ ಗಟ್ಟಿ, ಅಲ್ಯೂಮಿನಿಯಂಗಿಂತ ಹಗುರ. ಆದ್ದರಿಂದ ಯಾವ ವಸ್ತುವನ್ನು ಅದರಿಂದ ಮಾಡಿದರೂ ಆ ವಸ್ತು ಮೊದಲಿಗಿಂತ ಮೇಲಾಗುತ್ತದೆ. ಪರ್ಸು, ಪೆನ್ನು, ಉಂಗುರ, ಕೀ ಬಂಚು, ಬೆಲ್ಟಿನ ಬಕಲ್, ಕನ್ನಡಕದ ಫ್ರೇಮು, ಮೊಬೈಲ್ ಕವರ್, ಗೇರಿನ ಹಿಡಿ, ಬೈಕಿನ ಮಡ್‌ಗಾರ್ಡು, ಎಲ್ಲಕ್ಕೂ ಇದೇ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಗಳಲ್ಲಿ ನಿಜವಾದದ್ದು ಸಿಗದಿದ್ದರೆ ಅದರ ಚಿತ್ರ ಅಚ್ಚಾದ ಸ್ಟಿಕ್ಕರ್ ಸುರುಳಿ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಕಾರಿನ ಬಾನೆಟ್ಟಿಗೆ ಅದನ್ನು ಅಂಟಿಸಿಕೊಂಡರೆ ಕಾರಿನ ತೂಕ ಸ್ಟಿಕ್ಕರಿನಷ್ಟು ಹೆಚ್ಚುತ್ತದೆ.

ಆ ವಾದದ ಮೊದಲರ್ಧ ಅರೆಸತ್ಯ. ‘ಆದ್ದರಿಂದ’ ಎಂಬಲ್ಲಿಂದ ಮುಂದಿನದು ಪೂರಾ ಸುಳ್ಳು.

ಅರೆಸತ್ಯ ಯಾಕೆ ಎಂದು ತಿಳಿಯಲು ಆ ಎಳೆ ಹುಟ್ಟುವ ಬಗೆ ನೋಡಬೇಕು. 1961ರಲ್ಲಿ ಜಪಾನಿನ ಒಸಾಕಾದಲ್ಲಿ ಅಕಿಯೊ ಶಿಂಡೊ ಎಂಬ ವಿಜ್ಞಾನಿ ಪಾಲಿಅಕ್ರಿಲೊನೈಟ್ರೈಲ್ ಎಂಬ ನೂಲಿನಿಂದ ಇದನ್ನು ಮಾಡುವ ದಾರಿ ತೋರಿಸಿದರು. ಸ್ವೆಟರ್ ಹೆಣೆಯುವ ಅಕ್ರಿಲಿಕ್ ಉಣ್ಣೆಯ ದಾಯಾದಿ ಆ ನೂಲು. ಅದನ್ನು ಬಿಗಿಯಾಗಿ ಎಳೆದು ಹಿಡಿದು 200ರಿಂದ 300 ಡಿಗ್ರಿ ಶಾಖದಲ್ಲಿ ಗಾಳಿಯಲ್ಲೇ ಹದಗೊಳಿಸುತ್ತಾರೆ. ಆಮೇಲೆ ಗಾಳಿ ಸೋಕದಂತೆ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಇಂಗಾಲದ ಹೊರತು ಹೆಚ್ಚುಕಡಿಮೆ ಎಲ್ಲವೂ ಅನಿಲವಾಗಿ ಹೋಗಿ, ಹಾಕಿದ ನೂಲಿನ ಸುಮಾರು ಅರ್ಧ ತೂಕ ಉಳಿಯುತ್ತದೆ. ಒಂದು ಎಳೆಯ ದಪ್ಪ 7 ಮೈಕ್ರಾನ್, ಅಂದರೆ ನಮ್ಮ ಕೂದಲಿನ ಹತ್ತನೇ ಒಂದು ಭಾಗದಷ್ಟು. ಒಂದು ಘನ ಸೆಂಟಿಮೀಟರಿಗೆ ಅದರ ತೂಕ 1.76 ಗ್ರಾಂ, ಉಕ್ಕಿನದು 7.85. ಉದ್ದಕ್ಕೆ ಎಳೆದರೆ ಮಾಮೂಲಿ ಉಕ್ಕು ತಡೆಯುವ ಬಲದ ಆರೇಳು ಪಟ್ಟು ತಡೆಯುತ್ತದೆ.

‘ಉದ್ದಕ್ಕೆ ಎಳೆದರೆ’ ಎಂಬುದನ್ನು ಅಂಗಡಿಯವನು ಹೇಳುವುದಿಲ್ಲ, ಕೊಳ್ಳುವವನು ಕೇಳುವುದಿಲ್ಲ. ಎಳೆಯನ್ನು ಎಳೆಯಾಗಿಯೇ ಬಳಸಲಾಗದು. ಎಪಾಕ್ಸಿ ಅಂಟಿನಲ್ಲಿ ಅದ್ದಿ, ಪದರದ ಮೇಲೆ ಪದರ ಇಟ್ಟು, ಒತ್ತಿ, ಬೇಯಿಸಬೇಕು. ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಮಲಗಿದ ಹಲಗೆಯನ್ನು ಎಳೆಗಳಿಗೆ ಅಡ್ಡಲಾಗಿ ಎಳೆದುನೋಡಿ. ಆಗ ಹೊರೆ ಹೊರುವುದು ಬರೀ ಅಂಟು. ಉದ್ದಕ್ಕೆ ಇದ್ದ ಬಲದ ಇಪ್ಪತ್ತನೇ ಒಂದು ಭಾಗದಷ್ಟೂ ಅಡ್ಡಕ್ಕೆ ಇರುವುದಿಲ್ಲ. ಬಿದಿರು ಕಡಿದವರಿಗೆ ಇದು ಹೊಸದಲ್ಲ. ಅಡ್ಡ ಮುರಿಯಲು ಮೈಯೆಲ್ಲ ಬೆವರಬೇಕು. ಉದ್ದಕ್ಕೆ ಮಚ್ಚಿನ ಬಾಯಿ ಹೊಗಿಸಿದರೆ ತಾನೇ ಸೀಳಿಕೊಂಡು ಹೋಗುತ್ತದೆ.

ಕಾರ್ಬನ್ ಫೈಬರಿನ ಕಷ್ಟ ಇರುವುದು ಇಲ್ಲಿ. ಹೊರೆ ಯಾವ ಕಡೆಯಿಂದ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ, ಅದೇ ದಿಕ್ಕಿಗೆ ಎಳೆ ಮಲಗಿಸಿ ಬೇರೆ ಯಾವ ವಸ್ತುವಿನಿಂದಲೂ ಆಗದ ಕೆಲಸ ಮಾಡಬಹುದು. ಹೊರೆಯೇ ಗೊತ್ತಿಲ್ಲದಿದ್ದರೆ ನಾಲ್ಕೂ ದಿಕ್ಕಿಗೆ ಹರಡಿ ಮಲಗಿಸಬೇಕು, ಆಗ ಅದರ ಬಿಗಿ (ಬಾಗದೆ ನಿಲ್ಲುವ ಗುಣ) ಮೂರರಲ್ಲಿ ಒಂದು ಪಾಲಿಗೆ ಇಳಿದು ಅಲ್ಯೂಮಿನಿಯಂನದಕ್ಕಿಂತಲೂ ಕಡಿಮೆಯಾಗುತ್ತದೆ. ಹೊರೆಯೇ ಇಲ್ಲದಿದ್ದರೆ? ಪರ್ಸಿಗೆ ಯಾವ ಹೊರೆ? ಉಂಗುರಕ್ಕೆ ಯಾವ ಹೊರೆ?

ನಾನು ಈ ವಸ್ತುವಿನ ವೈರಿಯಲ್ಲ. ವೈರಿಯಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿದ ತೇಜಸ್ ವಿಮಾನದ ಒಡಲಿನಲ್ಲಿ, ತೂಕದ ಲೆಕ್ಕದಲ್ಲಿ, ಸುಮಾರು ಶೇಕಡ 45 ಕಾರ್ಬನ್ ಫೈಬರ್ ಸಂಯುಕ್ತವೇ. ಅದಕ್ಕೆ ಬೇಕಾದ ವಿದ್ಯೆಯನ್ನು ಇದೇ ಊರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ವರ್ಷಗಟ್ಟಲೆ ಕೂತು ಕಲಿತರು. ರೆಕ್ಕೆಯ ಯಾವ ಪದರ ಯಾವ ಕೋನಕ್ಕೆ ಮಲಗಬೇಕೆಂದು ಲೆಕ್ಕ ಹಾಕಿ ಮಲಗಿಸಿದ ಕೆಲಸ ಅದು. ಅಲ್ಲಿ ಉಳಿಸಿದ ಒಂದೊಂದು ಕಿಲೋ ಇಂಧನವಾಗಿ, ದೂರವಾಗಿ, ಎತ್ತರವಾಗಿ ಮರಳಿ ಬರುತ್ತದೆ.

ಇನ್ನೊಂದು ಉದಾಹರಣೆಯನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ, ಹೇಳುವಾಗ ಪ್ರತಿ ವರ್ಷವೂ ಗಂಟಲು ಕಟ್ಟುತ್ತಿತ್ತು. ಅಬ್ದುಲ್ ಕಲಾಂ ಅವರು ಹೈದರಾಬಾದಿನಲ್ಲಿ ಕ್ಷಿಪಣಿಯ ಕೆಲಸದಲ್ಲಿದ್ದಾಗ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಮೂಳೆ ವೈದ್ಯರೊಬ್ಬರು ಅವರ ಪ್ರಯೋಗಾಲಯಕ್ಕೆ ಬಂದರು. ಅಗ್ನಿ ಕ್ಷಿಪಣಿಗೆಂದು ಮಾಡಿದ್ದ ಇಂಗಾಲದ ವಸ್ತುವನ್ನು ಕೈಯಲ್ಲಿ ಎತ್ತಿ ನೋಡಿ, ಕಲಾಂ ಅವರನ್ನು ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳು ಮೂರು ಕಿಲೋಗೂ ಹೆಚ್ಚು ತೂಕದ ಲೋಹದ ಕ್ಯಾಲಿಪರ್ ಎಂಬ ಆಧಾರವನ್ನು ಕಾಲಿಗೆ ಕಟ್ಟಿಕೊಂಡು, ಆ ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಮೂರು ವಾರದಲ್ಲಿ 300 ಗ್ರಾಮಿನ ಕ್ಯಾಲಿಪರ್ ಸಿದ್ಧವಾಯಿತು. ಮಕ್ಕಳು ಓಡಾಡುವುದನ್ನು ಕಂಡು ತಂದೆತಾಯಿಯರ ಕಣ್ಣು ತುಂಬಿತು ಎಂದು ಕಲಾಂ ಹೋದಲ್ಲೆಲ್ಲ ಹೇಳುತ್ತಿದ್ದರು. ಸೋತ ಕಾಲು ದಿನವಿಡೀ, ಹೆಜ್ಜೆಹೆಜ್ಜೆಗೂ ಎತ್ತಿ ಇಡಬೇಕಾದ ಹೊರೆ ಅದು. ಹತ್ತರಲ್ಲಿ ಒಂಬತ್ತು ಪಾಲು ಹೊರೆ ಇಳಿಯಿತು. ಹಗುರ ಎಂಬ ಪದಕ್ಕೆ ನಾನು ಕಂಡ ಅತ್ಯುತ್ತಮ ಅರ್ಥ ಇದೇ.

ಬ್ಯಾಡ್ಮಿಂಟನ್ ಆಡುವವರ ಕೈಯಲ್ಲಿರುವ 85 ಗ್ರಾಮಿನ ರ‍್ಯಾಕೆಟ್ ಇಂಥದೇ. ಕಾಲು ಕಳೆದುಕೊಂಡವರು ಓಡಲು ತೊಡುವ ಬಿಲ್ಲಿನಾಕಾರದ ಪಟ್ಟಿಯೂ ಇಂಥದೇ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಪಟುಗಳು ರಾಷ್ಟ್ರಮಟ್ಟದ ಸ್ಪರ್ಧೆಗೆ ಹೋಗುವಾಗ ಕಾರ್ಬನ್ ಸೈಕಲ್ ಕೇಳಿದರೆ ಅದು ನ್ಯಾಯವಾದ ಬೇಡಿಕೆ, ಸರ್ಕಾರ ಕೊಡಿಸಬೇಕು. ಪಿಟೀಲಿನ ಕಮಾನಿಗೆ ಬ್ರೆಜಿಲಿನ ಅಪರೂಪದ ಮರ ಕಡಿಯುವ ಬದಲು ಇಂಗಾಲದ ಕಡ್ಡಿ ಬಳಸುವುದೂ ಸರಿಯೇ.

ಈ ಎಲ್ಲ ಕಡೆ ಒಂದು ಸಂಗತಿ ಗಮನಿಸಿ. ಕೆಲಸ ಮಾಡುವ ಕಾರ್ಬನ್ ಫೈಬರ್ ಕಣ್ಣಿಗೆ ಕಾಣುವುದೇ ಕಡಿಮೆ. ಬೋಯಿಂಗ್ 787ರಲ್ಲಿ ತೂಕದ ಅರ್ಧದಷ್ಟು ಇದೇ ವಸ್ತು. ಆದರೆ ಅದರ ಮೈ ಪೂರಾ ಬಣ್ಣದ ಕೆಳಗೆ ಮುಚ್ಚಿದೆ. ಅಲ್ಲಿ ಬಹುಪಾಲು ಬಳಸುವುದು ನೇಯದೆ ನೆಟ್ಟಗೆ ಮಲಗಿಸಿದ ಎಳೆಗಳ ಪಟ್ಟಿಯನ್ನು. ನೇಯ್ದರೆ ಹಾಸು ಹೊಕ್ಕಿನ ಮೇಲೆ ಕೆಳಗೆ ಹಾಯುವಾಗ ಎಳೆ ಸ್ವಲ್ಪ ಬಾಗುತ್ತದೆ, ಬಾಗಿದಷ್ಟು ಬಿಗಿ ಕಳೆದುಕೊಳ್ಳುತ್ತದೆ. ನೇಯ್ದ ಬಟ್ಟೆಗೂ ಅದರದೇ ಉಪಯೋಗಗಳಿವೆ, ಬಾಗುಬಳುಕಿನ ಆಕಾರಗಳಿಗೆ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಪರ್ಸು, ಪೆನ್ನುಗಳ ಮೇಲೆ ಮೆರೆಯುವ ಚೌಕಳಿ ಶಕ್ತಿಯ ಗುರುತು ಎಂಬುದು ಶುದ್ಧ ತಪ್ಪು ತಿಳಿವಳಿಕೆ. ಮೊಬೈಲ್ ಕವರುಗಳಲ್ಲಿ ಹಲವು ಕಾರ್ಬನ್ ಕೂಡ ಅಲ್ಲ. ಇಂಗಾಲದ ಎಳೆ ವಿದ್ಯುತ್ತನ್ನು ಹರಿಯಗೊಡುವುದರಿಂದ ಫೋನಿನ ಸಿಗ್ನಲ್ಲಿಗೆ ಅಡ್ಡವಾಗುತ್ತದೆ; ಹಾಗಾಗಿ ಅದೇ ಚೌಕಳಿಯನ್ನು ಅರಾಮಿಡ್ ಎಂಬ ಬೇರೆ ನೂಲಿನಲ್ಲಿ ಕಪ್ಪಾಗಿ ನೇಯ್ದು ಕೊಡುತ್ತಾರೆ. ಕಾರ್ಬನ್ನಿನ ಗುಣವೇ ಬೇಡವಾದ ಕಡೆಯೂ ಅದರ ವೇಷ ಬೇಕು. ಕೊಳ್ಳುವವನಿಗೆ ಮಾಡುವ ಈ ಮೋಸವನ್ನು ನಾವು ಫ್ಯಾಷನ್ ಎಂದು ಕರೆದು ಸುಮ್ಮನಾಗಿದ್ದೇವೆ.

ಇನ್ನು ‘ಹಗುರ ಮತ್ತು ಗಟ್ಟಿ’ ಎಂಬ ವಾದವನ್ನೇ ಅದರ ಅಂಗಳದಲ್ಲಿ ಎದುರಿಸೋಣ. ಮನೆಯಲ್ಲಿ, ಕಚೇರಿಯಲ್ಲಿ ನಾವು ಬಳಸುವ ಬಹಳಷ್ಟು ವಸ್ತುಗಳು ಹಲಗೆಗಳು: ಮೇಜಿನ ಮೇಲ್ಮೈ, ಟ್ರೇ, ಕಪಾಟಿನ ಅಡ್ಡಪಟ್ಟಿ. ಅವುಗಳಿಂದ ನಮಗೆ ಬೇಕಾದದ್ದು ಬಾಗಬಾರದು ಎಂಬುದೊಂದೇ. ಹಲಗೆಯ ದಪ್ಪ ಎರಡರಷ್ಟಾದರೆ ಅದು ಬಾಗುವುದಕ್ಕೆ ಒಡ್ಡುವ ತಡೆ ಎಂಟರಷ್ಟಾಗುತ್ತದೆ. ಈ ಒಂದು ಸಂಗತಿಯಿಂದ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಎಲ್ಲ ಎಳೆಗಳನ್ನೂ ಒಂದೇ ದಿಕ್ಕಿಗೆ ಮಲಗಿಸಿದ, 10 ಮಿಲಿಮೀಟರ್ ದಪ್ಪದ ಕಾರ್ಬನ್ ಹಲಗೆ ತೆಗೆದುಕೊಳ್ಳಿ. ಆ ದಿಕ್ಕಿನಲ್ಲಿ ಅದರಷ್ಟೇ ಬಾಗದ ತೇಗದ ಹಲಗೆ ಬೇಕೆಂದರೆ ದಪ್ಪ ಸುಮಾರು 23 ಮಿಲಿಮೀಟರ್ ಆಗುತ್ತದೆ. ತೂಕ? ಎರಡರದೂ ಹೆಚ್ಚುಕಡಿಮೆ ಒಂದೇ, ಯಾಕೆಂದರೆ ತೇಗದ ಸಾಂದ್ರತೆ ಕಾರ್ಬನ್ ಸಂಯುಕ್ತದ ಅರ್ಧಕ್ಕಿಂತ ಕಡಿಮೆ. ಕಾರ್ಬನ್ ಎಳೆಗಳನ್ನು ಎಲ್ಲ ದಿಕ್ಕಿಗೂ ಹಂಚಿ ಮಲಗಿಸಿದ್ದರೆ, ಮರದ ನಾರಿನ ದಿಕ್ಕಿನಲ್ಲಿ ಅಷ್ಟೇ ಬಿಗಿ ಕೊಡುವ ತೇಗದ ಹಲಗೆ ಮೂರನೇ ಒಂದು ಪಾಲು ಹಗುರವಾಗಿಯೇ ಇರುತ್ತದೆ. ವಿಮಾನದ ರೆಕ್ಕೆಯಲ್ಲಿ ಹೀಗೆ ದಪ್ಪ ಹೆಚ್ಚಿಸಿಕೊಳ್ಳಲು ಜಾಗವಿಲ್ಲ, ಮುರಿಯುವ ಬಲವೂ ಅಲ್ಲಿ ಬಹಳ ಹೆಚ್ಚು. ಅದಕ್ಕೆ ಅಲ್ಲಿ ಕಾರ್ಬನ್ ಬೇಕು. ಅಡುಗೆಮನೆಯ ಕಪಾಟಿನಲ್ಲಿ ಆ ಕಟ್ಟುಪಾಡು ಯಾವುದೂ ಇಲ್ಲ. ಬಡಗಿ ಬಾಯಿಲೆಕ್ಕದಲ್ಲಿ ಆರಿಸುವ ಹಲಗೆ, ಕೊಠಡಿ ತುಂಬ ಯಂತ್ರವಿಟ್ಟು ಬೇಯಿಸಿದ ಹಲಗೆಗೆ ಸರಿಸಮನಾಗಿ ನಿಲ್ಲುತ್ತದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದ ಬೋರ್ಡಿನ ಮೇಲೆ ಮಾಡಿಸುತ್ತಿದ್ದೆ. ಉತ್ತರ ಬಂದ ಮೇಲೆ ಎರಡು ಸಲ ತಿದ್ದಿ ನೋಡುತ್ತಿದ್ದರು, ಎಲ್ಲೋ ತಪ್ಪಾಗಿದೆ ಎಂದು.

ಪೆನ್ನಿನಲ್ಲಿ ಉಳಿಸಿದ 10 ಗ್ರಾಂ, ಪರ್ಸಿನಲ್ಲಿ ಉಳಿಸಿದ 30 ಗ್ರಾಂ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕುಡಿಯುವ ಒಂದು ಲೋಟ ನೀರು 200 ಗ್ರಾಂ.

ತೂಕಕ್ಕಿಂತ ದೊಡ್ಡ ಮಾತು ಮುರಿಯುವ ಬಗೆಯದು. ಉಕ್ಕಿನ ಸೈಕಲ್ ಫ್ರೇಮ್ ಸೋಲುವ ಮೊದಲು ಬಾಗುತ್ತದೆ, ಬಣ್ಣ ಸಿಪ್ಪೆಯೇಳುತ್ತದೆ, ಕಿರುಗುಟ್ಟುತ್ತದೆ. ಓಡಿಸುವವನಿಗೆ ಇಳಿದು ನೋಡಲು ಸಮಯ ಸಿಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಬೆಸುಗೆ ಹಾಕಿ ಕೊಡುತ್ತಾರೆ. ಕಾರ್ಬನ್ ಬಾಗಿ ಎಚ್ಚರಿಸುವುದಿಲ್ಲ. ಒಮ್ಮೆ ಜೋರಾಗಿ ಬಿದ್ದರೆ ಒಳಗಿನ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಹೊರಗಿನ ಹೊಳಪು ಹಾಗೇ ಇರುತ್ತದೆ. ವಿಮಾನಗಳಲ್ಲಿ ಇದನ್ನು ಪತ್ತೆ ಮಾಡಲು ಅಲ್ಟ್ರಾಸೌಂಡ್ ಪರೀಕ್ಷೆ ಇದೆ, ಅದಕ್ಕೆಂದೇ ತರಬೇತಾದ ಜನರಿದ್ದಾರೆ. ನಮ್ಮ ಹಂಪುಗುಂಡಿಗಳ ರಸ್ತೆಯಲ್ಲಿ ದಿನಾ ಕೆಲಸಕ್ಕೆ ಹೋಗುವ ಸೈಕಲ್ಲಿಗೆ ಆ ಪರೀಕ್ಷೆ ಮಾಡುವವರು ಯಾರು?

ಬಲ್ಲವರೇ ಈ ವಸ್ತುವಿನ ಕೈಯಲ್ಲಿ ಪೆಟ್ಟು ತಿಂದಿದ್ದಾರೆ. ರೋಲ್ಸ್ ರಾಯ್ಸ್ ಕಂಪನಿ 1960ರ ದಶಕದ ಕೊನೆಯಲ್ಲಿ ತನ್ನ ಆರ್‌ಬಿ 211 ಎಂಜಿನ್ನಿಗೆ ಕಾರ್ಬನ್ ಫೈಬರಿನ ಫ್ಯಾನ್ ಅಲಗು ಮಾಡಿತು. ಹಕ್ಕಿ ಬಡಿಯುವ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ, ಟೈಟೇನಿಯಂಗೆ ಮರಳಬೇಕಾಯಿತು. ಬೇರೆ ಕಾರಣಗಳೂ ಸೇರಿ ಕಂಪನಿ 1971ರ ಫೆಬ್ರವರಿಯಲ್ಲಿ ದಿವಾಳಿಯಾಗಿ ಸರ್ಕಾರ ಅದನ್ನು ಎತ್ತಿಕೊಳ್ಳಬೇಕಾಯಿತು. ಕಾರ್ಬನ್ ಅಲಗಿನ ಎಂಜಿನ್ ಯಶಸ್ವಿಯಾಗಿ ಸೇವೆಗೆ ಬಂದದ್ದು 1995ರಲ್ಲಿ, ಜನರಲ್ ಎಲೆಕ್ಟ್ರಿಕ್ಕಿನ ಜಿಇ 90 ರೂಪದಲ್ಲಿ. ಆಗಲೂ ಹಕ್ಕಿ ಬಡಿಯುವ ಮುಂದಿನ ಅಂಚಿಗೆ ಟೈಟೇನಿಯಂ ಕವಚ ತೊಡಿಸಿದರು. ಅಲ್ಲಿಗೆ ತಲುಪಲು ಕಾಲು ಶತಮಾನ ಹಿಡಿಯಿತು. 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದ ಟೈಟನ್ ಎಂಬ ಜಲಾಂತರ ವಾಹನದ ಒಡಲು ಕಾರ್ಬನ್ ಫೈಬರಿನ ಕೊಳವೆಯಾಗಿತ್ತು. ಆ ಅವಶೇಷ ಇರುವುದು ಸುಮಾರು 3800 ಮೀಟರ್ ಆಳದಲ್ಲಿ. ಇಳಿಯುತ್ತ ಹೋದಂತೆ ನೀರು ಎಲ್ಲ ಕಡೆಯಿಂದ ಒಳಕ್ಕೆ ಒತ್ತುತ್ತದೆ. ಎಳೆ ಎಳೆತಕ್ಕೆ ಹುಟ್ಟಿದ್ದು, ಒತ್ತಡಕ್ಕಲ್ಲ. ಹಗ್ಗದಿಂದ ಬಿಂದಿಗೆ ಸೇದಬಹುದು, ಹಗ್ಗದಿಂದ ಬಾಗಿಲು ತಳ್ಳಲಾಗದು. ವಾಹನದೊಳಗಿದ್ದ ಐದು ಜನ ಕ್ಷಣದಲ್ಲಿ ಇಲ್ಲವಾದರು. ಇನ್ನೊಂದು ಕಡೆ, ಮಂಗಳಕ್ಕೆ ಹೋಗಬೇಕೆಂದು ಸ್ಟಾರ್‌ಷಿಪ್ ಕಟ್ಟುತ್ತಿದ್ದ ಸ್ಪೇಸ್‌ಎಕ್ಸ್, ಕಾರ್ಬನ್ ಫೈಬರಿನಿಂದ ಶುರುಮಾಡಿ, ಅದನ್ನು ಕೈಬಿಟ್ಟು ಸ್ಟೇನ್‌ಲೆಸ್ ಸ್ಟೀಲಿಗೆ ಬಂತು. ಕಾರ್ಬನ್ನಿಗೆ ಕಿಲೋಗೆ 135 ಡಾಲರ್, ಉಕ್ಕಿಗೆ 3 ಡಾಲರ್ ಎಂದು ಎಲಾನ್ ಮಸ್ಕ್ 2019ರಲ್ಲಿ ಲೆಕ್ಕ ಕೊಟ್ಟರು. ಕೊರೆಯುವ ಚಳಿಗೂ ಸುಡುವ ಬಿಸಿಗೂ ಉಕ್ಕೇ ಮೇಲು ಎಂದರು. ನಮ್ಮ ಮನೆಯ ಪಾತ್ರೆಯ ಲೋಹವೇ ರಾಕೆಟ್ಟಿಗೆ ಆಯಿತು.

‘ನನ್ನ ದುಡ್ಡು, ನನ್ನ ಇಷ್ಟ, ನೋಡಲು ಚೆನ್ನಾಗಿದೆ, ನಿಮಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಚಂದಕ್ಕಾಗಿ ವಸ್ತು ಕೊಳ್ಳುವುದು ತಪ್ಪಲ್ಲ. ಕಪ್ಪು ಮೈಯ ಮೇಲೆ ಬಿಳಿ ಹೊಳಪು ಬೇಕೆಂದರೆ ಬೀದರಿನ ಕುಶಲಕರ್ಮಿಗಳು ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿ ಮಾಡುವ ಬಿದರಿ ಪೆಟ್ಟಿಗೆ ಇದೆ. ಅದು ತನ್ನನ್ನು ಚಂದ ಎಂದು ಮಾತ್ರ ಹೇಳಿಕೊಳ್ಳುತ್ತದೆ, ವಿಮಾನ ಎಂದು ಹೇಳಿಕೊಳ್ಳುವುದಿಲ್ಲ. ಚೌಕಳಿ ಪರ್ಸಿನ ಬೆಲೆ ಏರುವುದು ತೇಜಸ್‌ನ ಹೆಸರಿನಲ್ಲಿ, ಆ ಮಕ್ಕಳ ಕ್ಯಾಲಿಪರಿನ ಹೆಸರಿನಲ್ಲಿ. ಗಳಿಸಿದವರು ಯಾರೋ, ಉಣ್ಣುವವರು ಯಾರೋ.

ನಷ್ಟ ಏನೆಂದರೆ, ಒಂದು ಕಿಲೋ ಕಾರ್ಬನ್ ಎಳೆ ಮಾಡಲು ಒಂದು ಕಿಲೋ ಉಕ್ಕಿಗಿಂತ ಹಲವು ಪಟ್ಟು ಶಕ್ತಿ ಸುಡಬೇಕು. ವಿಮಾನವಾದರೆ ಹಾರುವ ವರ್ಷಗಳಲ್ಲಿ ಇಂಧನ ಉಳಿಸಿ ಆ ಸಾಲ ತೀರಿಸುತ್ತದೆ. ಜೇಬಿನಲ್ಲಿ ಕೂತ ಪರ್ಸು ಯಾವತ್ತೂ ತೀರಿಸುವುದಿಲ್ಲ. ಕಾರ್ಬನ್ ಹಾಳೆಯನ್ನು ಕತ್ತರಿಸಿ, ಉಜ್ಜಿ ನುಣುಪು ಮಾಡುವ ಕಾರ್ಮಿಕನ ಚರ್ಮಕ್ಕೆ ಸೂಜಿಯಂಥ ಚೂರು ಚುಚ್ಚುತ್ತದೆ. ದೂಳು ಕಣ್ಣನ್ನೂ ಶ್ವಾಸವನ್ನೂ ಕೆರಳಿಸುತ್ತದೆ. ಮಾಸ್ಕ್, ಕೈಗವಸು, ದೂಳು ಎಳೆಯುವ ಯಂತ್ರ ಇಲ್ಲದೆ ಈ ಕೆಲಸ ಮಾಡಿಸಕೂಡದು. ಬದುಕಿಗೆ ಬೇಕಾದ ಭಾಗ ಮಾಡುವಾಗ ಆ ಅಪಾಯವನ್ನು ಜೋಪಾನದಿಂದ ಹೊರಬಹುದು. ಕೀ ಬಂಚಿಗಾಗಿ ಒಬ್ಬನ ಪುಪ್ಪುಸ ಯಾಕೆ?

ಕೊನೆಗೆ ಅದು ಎಲ್ಲಿಗೆ ಹೋಗುತ್ತದೆ ಎಂದೂ ಯೋಚಿಸಬೇಕು. ನಮ್ಮ ಬೀದಿಗೆ ಬರುವ ಗುಜರಿಯವರು ಹಿತ್ತಾಳೆ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಅಜ್ಜಿಯ ಒಡೆದ ಕೊಳಗ ಕರಗಿ ಇನ್ನೊಂದು ಪಾತ್ರೆಯಾಗುತ್ತದೆ. ಮುರಿದ ಕಾರ್ಬನ್ ಮಡ್‌ಗಾರ್ಡನ್ನು ಒಮ್ಮೆ ಅವರಿಗೆ ಕೊಟ್ಟು ನೋಡಿದೆ. ತಿರುಗಿಸಿ ನೋಡಿ ವಾಪಸು ಕೊಟ್ಟರು, ತಕ್ಕಡಿಗೇ ಹಾಕಲಿಲ್ಲ. ಬೆಂದ ಎಪಾಕ್ಸಿ ಮತ್ತೆ ಕರಗುವುದಿಲ್ಲ. ಅಂಟನ್ನು ಸುಟ್ಟು ಎಳೆ ಬಿಡಿಸುವ ವಿಧಾನ ಇದೆ. ಹಾಗೆ ಬಿಡಿಸಿದ್ದು ಸಾಮಾನ್ಯವಾಗಿ ತುಂಡು ಎಳೆ, ಮೊದಲಿನ ಕೆಲಸಕ್ಕೆ ಬಾರದು, ಕೆಳದರ್ಜೆಯ ಭಾಗಗಳಿಗೆ ಹೋಗುತ್ತದೆ. ಅದಕ್ಕೂ ದೊಡ್ಡ ಕಾರ್ಖಾನೆಗಳು ಬೇಕು, ವಿಮಾನದ ತ್ಯಾಜ್ಯದಂತೆ ಒಂದೇ ಕಡೆ ರಾಶಿ ಬಿದ್ದಿರಬೇಕು. ಸಾವಿರ ಮನೆಗಳಲ್ಲಿ ಚದುರಿದ ಪೆನ್ನು, ಕವರ್‌ಗಳನ್ನು ಯಾರೂ ಒಟ್ಟು ಮಾಡುವುದಿಲ್ಲ.

ಅಂಗಡಿಯವರಿಗೆ ನನ್ನ ಮಾತು ಇಷ್ಟೇ: ಅಚ್ಚಿನ ಪೊರೆಯನ್ನು ಅಚ್ಚಿನ ಪೊರೆ ಎಂದು ಹೇಳಿ ಮಾರಿ. ಮೇಷ್ಟ್ರುಗಳಿಗೆ: ತೇಗದ ಹಲಗೆಯ ಲೆಕ್ಕವನ್ನು ಮಕ್ಕಳಿಂದ ಒಮ್ಮೆ ಮಾಡಿಸಿ. ಕೊಳ್ಳುವವರಿಗೆ: ಈ ವಸ್ತು ಇಲ್ಲಿ ಯಾವ ಹೊರೆ ಹೊರುತ್ತಿದೆ ಎಂದು ಅಂಗಡಿಯಲ್ಲೇ ಕೇಳಿ, ಉತ್ತರ ಬಾರದಿದ್ದರೆ ಇಟ್ಟು ಬನ್ನಿ. ಮತ್ತು ಇವತ್ತು ಸಂಜೆ ಮನೆಯ ಮಕ್ಕಳು ಗಾಡಿ ನಿಲ್ಲಿಸಿ ಒಳಗೆ ಬಂದಾಗ ಅವರ ಹೆಲ್ಮೆಟ್ ಕೈಗೆ ತೆಗೆದುಕೊಳ್ಳಿ. ಹೊರಗಿನ ಬಣ್ಣ ಬಿಡಿ. ಒಳಗಿನ ಬಟ್ಟೆ ಸರಿಸಿ, ಹೆಬ್ಬೆರಳ ಅಗಲದಷ್ಟು ದಪ್ಪದ ಗಟ್ಟಿ ಥರ್ಮೋಕೋಲ್ ಇದೆಯೇ ನೋಡಿ. ಹಿಂದೆ ಐಎಸ್‌ಐ ಗುರುತೂ ಐಎಸ್ 4151 ಎಂಬ ಸಂಖ್ಯೆಯೂ ಇವೆಯೇ ನೋಡಿ. 2021ರ ಜೂನ್ 1ರಿಂದ ಅದು ಕಡ್ಡಾಯ. ಇಲ್ಲದಿದ್ದರೆ ನಾಳೆ ಅವರು ಗಾಡಿ ಹತ್ತುವ ಮೊದಲೇ ಬೇರೆ ಕೊಡಿಸಿ.